ಮಲೆನಾಡಿನ ಜ್ವರವೂ ವಾಹಕ ಲಸಿಕೆಯೂ

ಮಲೇರಿಯವು ಶಿವಮೊಗ್ಗೆಯ ಸೀಮೆಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕಾದ ಹೆಸರಲ್ಲ. ನಮ್ಮ ಹಿರಿಯರು ಚಳಿಜ್ವರವೆಂದು ಕರೆದ ಈ ವ್ಯಾಧಿಯು ಎಷ್ಟೋ ತಲೆಮಾರುಗಳ ಕಾಲ ಮಲೆನಾಡಿನ ಮನೆಗಳಲ್ಲಿ ಬೀಡುಬಿಟ್ಟಿತ್ತು. ಹೊಟ್ಟೆಯ ಎಡಮಗ್ಗುಲಲ್ಲಿ ಜ್ವರಗಡ್ಡೆ ಬೆಳೆದು, ಕೈಕಾಲು ಸೊರಗಿ, ಮುಖ ಬಿಳಿಚಿಕೊಂಡ ಮಕ್ಕಳು ಆಗ ಎಲ್ಲರ ಕಣ್ಣಿಗೂ ರೂಢಿಯಾಗಿದ್ದ ನೋಟ. ಇಂದು ಆ ದುರವಸ್ಥೆಯು ಉಳಿದಿಲ್ಲವೆಂಬುದು ಸಂತೋಷದ ಸಂಗತಿ. ಹಾಗಿರುವಾಗ, ರೋಗವು ಕಣ್ಮರೆಯಾಗುತ್ತಿರುವ ಹೊತ್ತಿನಲ್ಲಿ ಅದರ ಲಸಿಕೆಯ ಮಾತನ್ನೆತ್ತುವುದೇಕೆ ಎಂದು ವಾಚಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ರೋಗವು ತಗ್ಗಿದ ಕಾಲವೇ ಅದರ ವಿರುದ್ಧ ಆಯುಧವನ್ನು ಹದಮಾಡಿಕೊಳ್ಳತಕ್ಕ ಕಾಲವೆಂಬುದು ನಮ್ಮ ಉತ್ತರ. ಈ ಜಿಲ್ಲೆಯ ಇತಿಹಾಸವೇ ಅದಕ್ಕೆ ಸಾಕ್ಷಿ.

ಕಾಡು, ಕಾರ್ಖಾನೆ, ಜ್ವರ

ಮಲೆನಾಡಿನ ಸೊಬಗಿಗೆ ಕಾರಣವಾದ ತಿಳಿನೀರಿನ ಹಳ್ಳತೊರೆಗಳೇ ಮಲೇರಿಯದ ತೊಟ್ಟಿಲುಗಳಾಗಿದ್ದವು. ಅನಾಫಿಲೀಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆಯು ಕೊಳಚೆಯನ್ನು ಬಯಸತಕ್ಕದ್ದಲ್ಲ. ಮೆಲ್ಲನೆ ಹರಿಯುವ ಶುದ್ಧವಾದ ನೀರಿನಲ್ಲಿ, ಹುಲ್ಲು ಬೆಳೆದ ದಡದ ಅಂಚಿನಲ್ಲಿ ಮೊಟ್ಟೆಯಿಡುತ್ತದೆ. ಬಯಲುಸೀಮೆಯ ಕಾಲುವೆ ಗದ್ದೆಗಳಲ್ಲಿ ಕ್ಯೂಲಿಸಿಫೇಸೀಸ್ ಎಂಬ ಮತ್ತೊಂದು ಜಾತಿಯು ಅದೇ ಕೆಲಸವನ್ನು ಮಾಡುತ್ತಿತ್ತು. ಸೊಳ್ಳೆಯೇ ಮಲೇರಿಯದ ವಾಹಕವೆಂಬುದಕ್ಕೆ ರೊನಾಲ್ಡ್ ರಾಸ್ ಎಂಬ ವೈದ್ಯರು ಸಿಕಂದರಾಬಾದಿನಲ್ಲಿ ಮೊದಲ ಪ್ರಮಾಣವನ್ನು ಕಂಡದ್ದು 1897ರ ಆಗಸ್ಟಿನಲ್ಲಿ. ಅಲ್ಲಿಯವರೆಗೆ ಮಲೆಯ ಗಾಳಿ, ಮಲೆಯ ನೀರು ಎಂದು ಜನರು ಕಾಡನ್ನೇ ದೂರುತ್ತಿದ್ದರು.

ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಮಲೆನಾಡಿನ ಜನಸಂಖ್ಯೆಯು ಕುಗ್ಗುತ್ತಿದ್ದುದು ಮೈಸೂರು ಸರಕಾರಕ್ಕೆ ಚಿಂತೆಯ ವಿಷಯವಾಗಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮಲೆನಾಡಿನ ಅಭಿವೃದ್ಧಿಗೆಂದೇ ಪ್ರತ್ಯೇಕವಾದ ಯೋಜನೆಯು ಏರ್ಪಟ್ಟಿತು. ಬೆಂಕಿಪುರವೆಂದು ಹೆಸರಾಗಿದ್ದ ಊರು ಭದ್ರಾವತಿಯಾಗಿ, 1923ರಲ್ಲಿ ಅಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯು ಕೆಲಸಕ್ಕೆ ತೊಡಗಿದಾಗ, ಅದರ ಕುಲುಮೆಗೆ ಬೇಕಾದುದು ಕಲ್ಲಿದ್ದಲಲ್ಲ, ಸೌದೆಯ ಇದ್ದಲು. ಬಾಬಾಬುಡನಗಿರಿಯ ಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ ಅದಿರು ಬರಬೇಕು. ಸುತ್ತಣ ಅರಣ್ಯಗಳಿಂದ ಮರ ಬರಬೇಕು. ಮರವನ್ನು ಕಡಿದು ಸಾಗಿಸಬೇಕಾದ ಕೂಲಿಕಾರರು ಸೊಳ್ಳೆಯ ಬೀಡಿನಲ್ಲಿಯೇ ಗುಡಿಸಲು ಹಾಕಿಕೊಳ್ಳಬೇಕಾಗಿತ್ತು. ಕಾರ್ಖಾನೆಯ ಬೆಂಕಿಯು ಆರದೆ ಉರಿಯಬೇಕಾದರೆ ಕಾಡಿನಲ್ಲಿ ದುಡಿಯುವವನ ಮೈಯ ಬೆಂಕಿಯು ಆರಬೇಕು. ದೇಶದ ಉದ್ಯಮವೂ ದೇಶದ ಆರೋಗ್ಯವೂ ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳೆಂಬುದನ್ನು ಭದ್ರಾವತಿಯಷ್ಟು ಸ್ಪಷ್ಟವಾಗಿ ತೋರಿಸಿದ ಊರುಗಳು ಕಡಮೆ.

ಸಂಸ್ಥಾನವು ಕೈಕಟ್ಟಿ ಕುಳಿತಿರಲಿಲ್ಲ. 1920ರ ದಶಕದ ಕೊನೆಗೆ ಅಮೆರಿಕದ ರಾಕಫೆಲ್ಲರ್ ಪ್ರತಿಷ್ಠಾನದ ಸಹಾಯದಿಂದ ಮಲೇರಿಯದ ಶಾಸ್ತ್ರೀಯ ಪರಿಶೀಲನೆಯು ಮೈಸೂರಿನಲ್ಲಿ ಆರಂಭವಾಯಿತು. ಆ ಕಾರ್ಯದಲ್ಲಿದ್ದ ಸ್ವೀಟ್ ಮತ್ತು ರಾವ್ ಎಂಬ ಇಬ್ಬರು ವಿದ್ವಾಂಸರು 1937ರಲ್ಲಿ ಸ್ಟೀಫೆನ್ಸಿ ಎಂಬ ಸೊಳ್ಳೆಯ ಮೊಟ್ಟೆಗಳನ್ನು ಅಳೆದು, ಅದರಲ್ಲಿ ಒಂದು ಬಗೆಗೆ 'ಮೈಸೊರೆನ್ಸಿಸ್' ಎಂದು ಹೆಸರಿಟ್ಟರು. ಇಂದಿಗೂ ಜಗತ್ತಿನ ಕೀಟಶಾಸ್ತ್ರದ ಗ್ರಂಥಗಳಲ್ಲಿ ಮೈಸೂರಿನ ಹೆಸರನ್ನು ಹೊತ್ತಿರುವ ಸೊಳ್ಳೆಯೊಂದು ಉಂಟು. ಹೆಮ್ಮೆಪಡತಕ್ಕುದು ಸೊಳ್ಳೆಗಾಗಿ ಅಲ್ಲ, ಆ ಶ್ರದ್ಧೆಗಾಗಿ.

1946ರ ಸುಮಾರಿಗೆ ನಮ್ಮ ನೆರೆಯ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಾ. ವಿಶ್ವನಾಥನ್ ಅವರು ಮನೆಗಳ ಗೋಡೆಗೆ ಡಿ.ಡಿ.ಟಿ. ಸಿಂಪಡಿಸಿ ಮಲೇರಿಯವನ್ನು ಅಡಗಿಸಿ ತೋರಿಸಿದರು. ಅದರ ಜಯವನ್ನು ಕಂಡು 1953ರಲ್ಲಿ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮವು ಹುಟ್ಟಿತು. ಆಗ ಭಾರತದಲ್ಲಿ ವರ್ಷವೊಂದಕ್ಕೆ 7.5 ಕೋಟಿ ಜನರಿಗೆ ಈ ಜ್ವರ ಬರುತ್ತಿತ್ತೆಂದೂ 8 ಲಕ್ಷ ಜನರು ಸಾಯುತ್ತಿದ್ದರೆಂದೂ ಅಂದಾಜು. 1965ರ ವೇಳೆಗೆ ರೋಗಿಗಳ ಸಂಖ್ಯೆಯು ಸುಮಾರು 1 ಲಕ್ಷಕ್ಕೆ ಇಳಿಯಿತು. ಗೆದ್ದೆವೆಂದು ಎಲ್ಲರೂ ನಿಟ್ಟುಸಿರುಬಿಟ್ಟರು. ಸಿಂಪರಣೆಯ ಕೈಗಳು ಸಡಿಲವಾದವು. ಸೊಳ್ಳೆಯು ಔಷಧಕ್ಕೆ ಒಗ್ಗಿಕೊಂಡಿತು. 1976ರಲ್ಲಿ ರೋಗಿಗಳ ಸಂಖ್ಯೆಯು 64 ಲಕ್ಷವನ್ನು ಮೀರಿತು. ಹನ್ನೊಂದು ವರ್ಷಗಳ ಅಲಕ್ಷ್ಯಕ್ಕೆ ದೇಶವು ತೆತ್ತ ಬಡ್ಡಿ ಇದು.

ಇಂದು ಮತ್ತೊಮ್ಮೆ ನಾವು ಅಂತಹುದೇ ತಿರುವಿನಲ್ಲಿ ನಿಂತಿದ್ದೇವೆ. 2015ರಲ್ಲಿ 11.69 ಲಕ್ಷವಿದ್ದ ದೇಶದ ಪ್ರಕರಣಗಳು 2023ರಲ್ಲಿ 2.27 ಲಕ್ಷಕ್ಕೆ ಇಳಿದವು. 2027ರೊಳಗೆ ಸ್ಥಳೀಯವಾಗಿ ಹುಟ್ಟುವ ಮಲೇರಿಯವನ್ನು ಸೊನ್ನೆಗೆ ತಂದು, 2030ಕ್ಕೆ ನಿರ್ಮೂಲನವನ್ನು ಸಾಧಿಸಬೇಕೆಂಬುದು ಕೇಂದ್ರ ಸರಕಾರದ ಸಂಕಲ್ಪ. ಸಂಕಲ್ಪವು ಸ್ತುತ್ಯವಾದುದು. ಆದರೆ 1965ನ್ನು ಮರೆತವರಿಗೆ 1976 ಕಾದಿರುತ್ತದೆ.

ಲಸಿಕೆಯೇಕೆ ತಡವಾಯಿತು

ಸಿಡುಬಿಗೆ 1796ರಲ್ಲಿಯೇ ಜೆನ್ನರ್ ಮಹಾಶಯನು ದಾಕನ್ನು ಕಂಡುಹಿಡಿದನು. ಮಲೇರಿಯಕ್ಕೆ ಅದಾಗಿ ಎರಡು ಶತಮಾನ ಕಳೆದರೂ ಲಸಿಕೆ ದೊರೆಯಲಿಲ್ಲವೇಕೆ? ಕಾರಣವು ರೋಗಾಣುವಿನ ಸ್ವಭಾವದಲ್ಲಿದೆ. ವೈರಸ್ಸೊಂದರಲ್ಲಿ ಕೆಲವೇ ವಂಶಾಣುಗಳಿದ್ದರೆ, ಮಲೇರಿಯದ ಪರಾವಲಂಬಿ ಜೀವಿಯಲ್ಲಿ ಅವು ಐದು ಸಾವಿರಕ್ಕೂ ಮಿಕ್ಕು. ಅದು ವೇಷಧಾರಿ. ಸೊಳ್ಳೆಯು ಕಚ್ಚಿದ ಅರ್ಧ ಗಂಟೆಯ ಸುಮಾರಿಗೆ ರಕ್ತದಿಂದ ಜಾರಿ ಪಿತ್ತಜನಕಾಂಗವನ್ನು ಹೊಗುತ್ತದೆ. ಅಲ್ಲಿ ಒಂದು ವಾರ ಸದ್ದಿಲ್ಲದೆ ಬೆಳೆದು, ಸಾವಿರ ಸಾವಿರವಾಗಿ ಹೊರಬಿದ್ದು, ಕೆಂಪು ರಕ್ತಕಣಗಳನ್ನು ಮುತ್ತುತ್ತದೆ. ದಿನ ಬಿಟ್ಟು ದಿನ ಚಳಿ ನಡುಗುವುದು ಆಗ. ವೇಷವು ಬದಲಾದಂತೆ ಅದರ ಮೈಯ ಗುರುತುಗಳೂ ಬದಲಾಗುತ್ತವೆ. ಒಂದು ಗುರುತನ್ನು ನೋಡಿಟ್ಟುಕೊಂಡ ಕಾವಲುಗಾರನಿಗೆ ಮುಂದಿನ ವೇಷವು ಅಪರಿಚಿತವಾಗಿರುತ್ತದೆ.

ದೇಹದ ಕಾವಲು ಎರಡು ಬಗೆಯದು. ರಕ್ತದಲ್ಲಿ ಸಂಚರಿಸುವ ಪ್ರತಿಕಾಯಗಳು ಹೊರಗಿರುವ ಶತ್ರುವನ್ನು ಹಿಡಿಯುತ್ತವೆ. ಜೀವಕೋಶದ ಒಳಹೊಕ್ಕು ಅಡಗಿದ ಶತ್ರುವನ್ನು ಅವು ಮುಟ್ಟಲಾರವು. ಅಂತಹ ಕೋಶವನ್ನೇ ಗುರುತಿಸಿ ನಾಶಮಾಡುವುದು ಟಿ-ಕಣಗಳೆಂಬ ಮತ್ತೊಂದು ಪಡೆಯ ಕೆಲಸ. ಪಿತ್ತಜನಕಾಂಗದಲ್ಲಿ ಅವಿತ ಮಲೇರಿಯವನ್ನು ಹಿಡಿಯಬೇಕಾದರೆ ಈ ಎರಡನೆಯ ಪಡೆಯನ್ನು ಎಬ್ಬಿಸಬೇಕು. ಸಾಮಾನ್ಯವಾದ ಸೂಜಿಮದ್ದಿನಿಂದ ಅದು ಸುಲಭವಾಗಿ ಏಳುವುದಿಲ್ಲ.

ವಾಹಕ ವೈರಸ್ಸಿನ ಉಪಾಯ

ಇಲ್ಲಿಯೇ ವಾಹಕ ಲಸಿಕೆಯ ಉಪಾಯವು ಹುಟ್ಟಿತು. ಜೀವಕೋಶದ ಒಳಗೆ ನುಗ್ಗುವುದರಲ್ಲಿ ವೈರಸ್ಸಿನಷ್ಟು ನಿಪುಣರಿಲ್ಲ. ನಿರಪಾಯಗೊಳಿಸಿದ ವೈರಸ್ಸೊಂದರ ಒಡಲಿನಲ್ಲಿ ಮಲೇರಿಯದ ಒಂದು ವಂಶಾಣುವನ್ನು ಸೇರಿಸಿ ಕೊಟ್ಟರೆ, ಅದು ಪಲ್ಲಕ್ಕಿಯನ್ನು ಹೊತ್ತು ತಂದು ಅಂಗಳದಲ್ಲಿಳಿಸುವ ಬೋಯಿಯಂತೆ ಆ ವಂಶಾಣುವನ್ನು ಕೋಶದೊಳಗೆ ಇಳಿಸಿ ತಾನು ಅಳಿದುಹೋಗುತ್ತದೆ. ಕೋಶವು ಆ ಆಜ್ಞೆಯಂತೆ ಮಲೇರಿಯದ ಪ್ರೋಟೀನನ್ನು ತಾನೇ ತಯಾರಿಸುತ್ತದೆ. ಅದನ್ನು ಕಂಡು ಟಿ-ಕಣಗಳ ಪಡೆಯು ಎಚ್ಚರಗೊಂಡು, ಮುಂದೆ ನಿಜವಾದ ಶತ್ರು ಬಂದಾಗ ಗುರುತು ಹಿಡಿಯುತ್ತದೆ.

ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಜೆನ್ನರನ ಹೆಸರನ್ನೇ ಹೊತ್ತ ಸಂಸ್ಥೆಯಲ್ಲಿ ಆಡ್ರಿಯನ್ ಹಿಲ್ ಮತ್ತವರ ಸಂಗಡಿಗರು ದಶಕಗಳ ಕಾಲ ಇದನ್ನು ಹದಗೊಳಿಸಿದರು. ಅವರು ಆಯ್ದ ಬೋಯಿಗಳು ಇಬ್ಬರು. ಒಂದು, ಚಿಂಪಾಂಜಿಯಲ್ಲಿ ನೆಗಡಿಯ ಜಾತಿಗೆ ಸೇರಿದ ಅಡಿನೊವೈರಸ್ಸು. ಮನುಷ್ಯರ ಅಡಿನೊವೈರಸ್ಸನ್ನು ನಮ್ಮ ಮೈ ಮೊದಲೇ ಬಲ್ಲುದರಿಂದ ಬಾಗಿಲಲ್ಲೇ ತಡೆಯುತ್ತದೆ. ಎರಡನೆಯದು, ಸಿಡುಬಿನ ದಾಕಿಗೆ ಬಳಸುತ್ತಿದ್ದ ವೈರಸ್ಸಿನ ಮೆದುಗೊಳಿಸಿದ ರೂಪ. ತುರ್ಕಿಯ ಅಂಕಾರದಿಂದ ಬಂದ ತಳಿಯನ್ನು ಜರ್ಮನಿಯಲ್ಲಿ ಕೋಳಿಯ ಕೋಶಗಳಲ್ಲಿ ಐನೂರಕ್ಕೂ ಹೆಚ್ಚು ಬಾರಿ ಬೆಳೆಸಿ ಅದರ ಹಲ್ಲು ಕಿತ್ತಿದ್ದರು. ಮೈಸೂರಿನವರಿಗೆ ಈ ವಂಶವು ತೀರ ಪರಕೀಯವಲ್ಲ. 1805ರಲ್ಲಿ ಥಾಮಸ್ ಹಿಕಿ ಬರೆದ ಮೈಸೂರಿನ ರಾಣಿಯರ ಚಿತ್ರವು ದಾಕಿನ ಪ್ರಚಾರಕ್ಕಾಗಿಯೇ ರಚಿತವಾಯಿತೆಂದು ಇತಿಹಾಸಜ್ಞರಲ್ಲಿ ಕೆಲವರು ಊಹಿಸಿದ್ದಾರೆ.

ಮೊದಲು ಅಡಿನೊವೈರಸ್ಸು, ಎಂಟು ವಾರಗಳ ಅನಂತರ ಎರಡನೆಯದು. ಎರಡರ ಒಡಲಲ್ಲಿಯೂ ಮಲೇರಿಯದ ಒಂದೇ ಗುರುತು. ಫಲವೇನಾಯಿತು? 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲಸಿಕೆ ಪಡೆದು ಬೇಕೆಂದೇ ಮಲೇರಿಯಕ್ಕೆ ಮೈಯೊಡ್ಡಿದ 14 ಸ್ವಯಂಸೇವಕರಲ್ಲಿ 3 ಮಂದಿಗೆ ರೋಗವು ಬರಲೇ ಇಲ್ಲ. 5 ಮಂದಿಗೆ ತಡವಾಗಿ ಬಂದಿತು. 2015ರಲ್ಲಿ ಕೀನ್ಯದ ವಯಸ್ಕರಲ್ಲಿ ಸೋಂಕು ಎಂಟು ವಾರಗಳ ಅವಧಿಯಲ್ಲಿ ಶೇಕಡಾ 67ರಷ್ಟು ಕಡಮೆಯಾಯಿತು. ಆಶೆಯು ಚಿಗುರಿತು. ಆದರೆ 2018ರಲ್ಲಿ ಬುರ್ಕೀನ ಫಾಸೊ ದೇಶದ ಎಳೆಯ ಮಕ್ಕಳ ವರದಿಯು ಹೊರಬಿದ್ದಾಗ, ಅವರಿಗೆ ಈ ಲಸಿಕೆಯಿಂದ ರಕ್ಷಣೆಯು ದೊರೆಯಲಿಲ್ಲವೆಂದು ತಿಳಿಯಿತು. ಯಾರನ್ನು ಮಲೇರಿಯವು ಹೆಚ್ಚಾಗಿ ಕೊಲ್ಲುವುದೋ ಅವರಿಗೇ ಅದು ಒದಗಲಿಲ್ಲ.

ಅಷ್ಟರಲ್ಲಿ ಬೇರೆಯ ದಾರಿಯೊಂದು ಗುರಿಯನ್ನು ಮುಟ್ಟಿತು. ವಾಹಕವಿಲ್ಲದೆ ಪ್ರೋಟೀನನ್ನೇ ಕೊಡುವ ಆರ್‌ಟಿಎಸ್,ಎಸ್ ಲಸಿಕೆಗೆ 2021ರಲ್ಲಿಯೂ, ಆಕ್ಸ್‌ಫರ್ಡಿನ ಅದೇ ತಂಡವು ರೂಪಿಸಿದ ಆರ್21 ಲಸಿಕೆಗೆ 2023ರಲ್ಲಿಯೂ ವಿಶ್ವ ಆರೋಗ್ಯ ಸಂಸ್ಥೆಯು ಒಪ್ಪಿಗೆಯ ಮುದ್ರೆಯೊತ್ತಿತು. ಎರಡನೆಯದನ್ನು ತಯಾರಿಸುವವರು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನವರು. ಒಂದು ಮಾತ್ರೆಗೆ 2ರಿಂದ 4 ಡಾಲರುಗಳ ಬೆಲೆಯಲ್ಲಿ ಆಫ್ರಿಕದ ಮಕ್ಕಳ ಪ್ರಾಣಕ್ಕೆ ಭಾರತದ ಕೈಯಿಂದ ಕಾವಲು ದೊರೆಯುತ್ತಿರುವುದು ನಮಗೆ ಗೌರವದ ವಿಷಯ. 2023ರಲ್ಲಿ ಜಗತ್ತಿನಲ್ಲಿ 26.3 ಕೋಟಿ ಜನರಿಗೆ ಮಲೇರಿಯ ಬಂದು 5.97 ಲಕ್ಷ ಜನರು ಮಡಿದರೆಂಬುದನ್ನು ನೆನೆದರೆ ಈ ಸೇವೆಯ ಬೆಲೆಯು ತಿಳಿದೀತು.

ಹಾಗಾದರೆ ವಾಹಕ ಲಸಿಕೆಯ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತೇ? ಇಲ್ಲ. 2020ರಲ್ಲಿ ಕೋವಿಡ್ ಮಾರಿಯು ಜಗತ್ತನ್ನು ಕವಿದಾಗ, ಅದೇ ಆಕ್ಸ್‌ಫರ್ಡಿನಲ್ಲಿ, ಹಿಂದೆ ಮಲೇರಿಯದ ಕಾರ್ಯದಲ್ಲಿಯೇ ಪಳಗಿದ್ದ ಸಾರಾ ಗಿಲ್ಬರ್ಟರು ಚಿಂಪಾಂಜಿಯ ಅಡಿನೊವೈರಸ್ಸಿನ ಪಲ್ಲಕ್ಕಿಯಲ್ಲಿ ಮಲೇರಿಯಕ್ಕೆ ಬದಲಾಗಿ ಕೊರೋನದ ವಂಶಾಣುವನ್ನು ಕೂರಿಸಿದರು. ಪುಣೆಯಲ್ಲಿ ಅದು ಕೋವಿಶೀಲ್ಡ್ ಆಯಿತು. 2021ರ ಜನವರಿ 16ರಂದು ದೇಶದಲ್ಲಿ ಲಸಿಕೆಯ ಕಾರ್ಯವು ಆರಂಭವಾದ ಮೇಲೆ, ಶಿವಮೊಗ್ಗೆಯಲ್ಲಿ, ಭದ್ರಾವತಿಯಲ್ಲಿ, ಹಳ್ಳಿಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ಕೋವಿಶೀಲ್ಡಿಗೆ ತೋಳು ಚಾಚಿದವರೆಲ್ಲರೂ ಅರಿಯದೆಯೇ ಮಲೇರಿಯ ಸಂಶೋಧನೆಯ ಋಣವನ್ನು ಹೊತ್ತವರು. ಬಡವರ ರೋಗವೆಂದು ಜಗತ್ತು ಕಡೆಗಣಿಸಿದ ಜ್ವರಕ್ಕಾಗಿ ಹದಮಾಡಿದ ಆಯುಧವು ಬಡವಬಲ್ಲಿದರೆನ್ನದೆ ಎಲ್ಲರನ್ನೂ ಕಾಯಿತು. ಆ ವಾಹಕದಲ್ಲಿ ದೋಷವಿಲ್ಲವೆಂದಲ್ಲ. ತೀರ ವಿರಳವಾಗಿ ಕೆಲವರಲ್ಲಿ ರಕ್ತವು ಹೆಪ್ಪುಗಟ್ಟಿ ಪ್ರಾಣಾಪಾಯವಾದುದು ಶಾಸ್ತ್ರಜ್ಞರು ಒಪ್ಪಿಕೊಂಡ ಸಂಗತಿ. ಅದನ್ನು ಮುಚ್ಚಿಡದೆ, ಕಾರಣವನ್ನು ಶೋಧಿಸಿ, ವಾಹಕವನ್ನು ತಿದ್ದುವುದೇ ವಿಜ್ಞಾನದ ಮಾರ್ಗ.

ನಮ್ಮ ಪಾಲಿನ ಜ್ವರ

ಈಗಿರುವ ಎರಡು ಲಸಿಕೆಗಳೂ ಫಾಲ್ಸಿಪೇರಮ್ ಎಂಬ ಜಾತಿಯ ಮಲೇರಿಯಕ್ಕೆ ಮಾತ್ರ ಸಂಬಂಧಿಸಿದವು. ಕರ್ನಾಟಕದಲ್ಲಿ ಉಳಿದಿರುವ ಮಲೇರಿಯದ ಹೆಚ್ಚಿನ ಪಾಲು ವೈವಾಕ್ಸ್ ಜಾತಿಯದು. ಇದು ಕೊಲ್ಲುವುದು ಕಡಮೆ, ಬಿಡುವುದೂ ಕಡಮೆ. ಪಿತ್ತಜನಕಾಂಗದಲ್ಲಿ ನಿದ್ದೆಹೋದ ಬೀಜದಂತೆ ಬಿದ್ದಿದ್ದು, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಮತ್ತೆ ಮೊಳೆಯುತ್ತದೆ. ಅದನ್ನು ಬೇರುಸಹಿತ ಕೀಳಲು 14 ದಿನ ಪ್ರೈಮಕ್ವಿನ್ ನುಂಗಬೇಕು. ಜ್ವರವಿಳಿದ ಮೂರನೆಯ ದಿನವೇ ಗುಳಿಗೆಯನ್ನು ಮರೆಯುವುದು ಮನುಷ್ಯ ಸ್ವಭಾವ. ಹೀಗೆ ಅವಿತ ಶತ್ರುವಿಗೆ ಕೋಶದೊಳಗೆ ನುಗ್ಗಬಲ್ಲ ಟಿ-ಕಣಗಳ ಪಡೆಯೇ ಬೇಕಾಗುವುದರಿಂದ ವಾಹಕ ಲಸಿಕೆಯ ಮಾರ್ಗವನ್ನು ವೈವಾಕ್ಸಿನ ವಿಷಯದಲ್ಲಿ ಕೈಬಿಡತಕ್ಕದ್ದಲ್ಲ. ಆಕ್ಸ್‌ಫರ್ಡಿನಲ್ಲಿ ಅದರ ರಕ್ತಹಂತದ ಒಂದು ಗುರುತನ್ನು ವಾಹಕದಲ್ಲಿಯೂ ಪ್ರೋಟೀನಿನ ರೂಪದಲ್ಲಿಯೂ ಪರೀಕ್ಷಿಸಿ 2023ರಲ್ಲಿ ಫಲವನ್ನು ಪ್ರಕಟಿಸಿದರು. ಪ್ರೋಟೀನಿನ ರೂಪವು, ಅಂತರವಿಟ್ಟು ಕೊಟ್ಟಾಗ, ರೋಗಾಣುವಿನ ವೃದ್ಧಿಯನ್ನು ಸುಮಾರು ಅರ್ಧಕ್ಕೆ ಇಳಿಸಿತು. ವಾಹಕವು ಅಲ್ಲಿ ಹಿಂದುಳಿಯಿತು. ರಕ್ತಕ್ಕೆ ಪ್ರೋಟೀನು, ಪಿತ್ತಜನಕಾಂಗಕ್ಕೆ ವಾಹಕ ಎಂದು ಎರಡನ್ನೂ ಜೋಡಿಸುವ ಆಲೋಚನೆಗೆ ಇದರಿಂದ ಬಲವೇ ಬರುತ್ತದೆ.

ನಮ್ಮ ದೇಶದವರೂ ಸುಮ್ಮನಿಲ್ಲ. 2025ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಭುವನೇಶ್ವರದ ತನ್ನ ಕೇಂದ್ರದಲ್ಲಿ ರೂಪುಗೊಂಡ ಆಡ್‌ಫಾಲ್ಸಿವ್ಯಾಕ್ಸ್ ಎಂಬ ಲಸಿಕೆಯನ್ನು ಸಾರಿತು. ಹಾಲನ್ನು ಹುಳಿಗೊಳಿಸುವ ಲ್ಯಾಕ್ಟೊಕಾಕಸ್ ಎಂಬ ನಿರುಪದ್ರವಿ ಜೀವಾಣುವಿನಲ್ಲಿ ಅದನ್ನು ತಯಾರಿಸುತ್ತಾರೆ. ಅದು ರೋಗಿಯನ್ನು ಕಾಯುವುದರ ಜತೆಗೆ ರೋಗಿಯಿಂದ ಸೊಳ್ಳೆಗೆ ರೋಗವು ದಾಟದಂತೆ ತಡೆಯುವ ಉದ್ದೇಶದ್ದು. ಮನುಷ್ಯರಲ್ಲಿ ಪರೀಕ್ಷೆಯ ದೀರ್ಘವಾದ ದಾರಿಯು ಅದರ ಮುಂದಿದೆ.

ಮಂಗನ ಕಾಯಿಲೆಯ ಪಾಠ

ಲಸಿಕೆಯ ವಿಷಯದಲ್ಲಿ ಅಲಕ್ಷ್ಯವೆಂದರೇನೆಂಬುದನ್ನು ಈ ಜಿಲ್ಲೆಯವರಿಗೆ ಹೊರಗಿನವರು ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಹಿಂದೆಯೇ ಜನರಿಗೂ ಜ್ವರ ಹಿಡಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಸ್ಸನ್ನು ಗುರುತಿಸಿದರು. ಉಣ್ಣೆಯಿಂದ ಹರಡುವ ಆ ರೋಗವು ಜಗತ್ತಿನ ವೈದ್ಯಗ್ರಂಥಗಳಲ್ಲಿ ನಮ್ಮ ಕಾಡಿನ ಹೆಸರನ್ನೇ ಹೊತ್ತಿದೆ. ಅದಕ್ಕೆ 1990ರಿಂದ ಬಳಕೆಯಲ್ಲಿದ್ದ ಲಸಿಕೆಯು, 2005ರಿಂದ 2010ರವರೆಗಿನ ಪರಿಶೀಲನೆಯಲ್ಲಿ, ಎರಡು ಸಲ ಹಾಕಿಸಿಕೊಂಡವರಿಗೆ ಶೇಕಡಾ 62ರಷ್ಟೂ, ಮೂರನೆಯದನ್ನೂ ಪಡೆದವರಿಗೆ ಶೇಕಡಾ 83ರಷ್ಟೂ ರಕ್ಷಣೆ ಕೊಡುತ್ತಿತ್ತು. ಮೇಲೆ ಮೇಲೆ ಹಾಕಿಸಿಕೊಳ್ಳಬೇಕಾದ, ನೋವುಂಟುಮಾಡುವ ಆ ಲಸಿಕೆಗೆ ಜನರು ಬೇಸತ್ತರು; ಅದರ ಶಕ್ತಿಯೂ ಕುಂದಿತು. ಅದನ್ನು ಕಾಲಕ್ಕೆ ಸರಿಯಾಗಿ ತಿದ್ದಲಿಲ್ಲ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸೀಮೆಯಲ್ಲಿ ಸಾವುನೋವುಗಳು ಸಂಭವಿಸಿದವು. 2022ರಲ್ಲಿ ಆ ಲಸಿಕೆಯು ನಿಂತುಹೋಯಿತು. ಕಾಡಿನಂಚಿನ ರೈತನೂ ಸೊಪ್ಪು ಸೌದೆ ತರುವ ಹೆಂಗಸೂ ಬರಿಯ ಎಣ್ಣೆಯನ್ನು ಮೈಗೆ ಬಳಿದುಕೊಂಡು ಕಾಡಿಗೆ ಹೋಗಬೇಕಾಯಿತು.

ಈ ಕಥೆಯು ಮಲೇರಿಯದ ಕಥೆಗೆ ಸೇರುವ ಸ್ಥಳವೊಂದಿದೆ. ಅಮೆರಿಕದ ಮೊಂಟಾನ ಪ್ರಾಂತದ ಸರಕಾರಿ ಪ್ರಯೋಗಶಾಲೆಯ ವಿಜ್ಞಾನಿಗಳು ವಾಹಕದ ಉಪಾಯವನ್ನೇ ಅನುಸರಿಸಿ, ದನಗಳ ಬಾಯಲ್ಲಿ ಗುಳ್ಳೆಯೆಬ್ಬಿಸುವ ವೈರಸ್ಸೊಂದರ ಒಡಲಿನಲ್ಲಿ ಮಂಗನ ಕಾಯಿಲೆಯ ಗುರುತನ್ನು ಸೇರಿಸಿದರು. ಅದನ್ನು ಒಂದೇ ಸಲ ಕೊಟ್ಟ ಕೋತಿಗಳಿಗೆ ರೋಗದಿಂದ ರಕ್ಷಣೆ ದೊರೆಯಿತೆಂದು 2023ರಲ್ಲಿ ಪ್ರಕಟಿಸಿದರು. ಕ್ಯಾಸನೂರಿನ ರೋಗಕ್ಕೆ ವಾಹಕ ಲಸಿಕೆಯನ್ನು ಸಾವಿರಾರು ಮೈಲಿಗಳಾಚೆ ಯೋಚಿಸಿದರೆಂದರೆ ಅವರಿಗೆ ವಂದನೆ ಸಲ್ಲಬೇಕು. ನಮಗೆ ಒಂದಿಷ್ಟು ನಾಚಿಕೆಯೂ ಆಗಬೇಕು. ನಮ್ಮ ವೈದ್ಯಕೀಯ ಸಂಶೋಧನಾ ಪರಿಷತ್ತು ಹೈದರಾಬಾದಿನ ಕಂಪೆನಿಯೊಂದಿಗೆ ಕೂಡಿ, ವಾಹಕವಿಲ್ಲದ ಬೇರೊಂದು ವಿಧಾನದಿಂದ ಹೊಸ ಲಸಿಕೆಯನ್ನು ಸಿದ್ಧಗೊಳಿಸಲು ಕೈಹಾಕಿದೆಯೆಂಬುದು ಸಮಾಧಾನದ ಮಾತು. ಆ ಕಾರ್ಯವು ನಡುದಾರಿಯಲ್ಲಿ ನಿಲ್ಲಬಾರದು.

ಮಾಡತಕ್ಕುದೇನು

ಕಾಡಿನಂಚಿನ ಬಡವರ ರೋಗಕ್ಕೆ ಲಾಭವನ್ನು ಎದುರುನೋಡುವ ಮಾರುಕಟ್ಟೆಯು ತಾನಾಗಿ ಲಸಿಕೆಯನ್ನು ಕೊಡುವುದಿಲ್ಲ. ಜನರ ಹಣ, ಜನರ ಸಂಸ್ಥೆ, ಜನರ ತಾಳ್ಮೆ ಈ ಮೂರೂ ಕೂಡಿದಲ್ಲಿ ಮಾತ್ರ ಅದು ಹುಟ್ಟೀತು. ವಾಹಕ ಲಸಿಕೆಯ ವಿದ್ಯೆಯನ್ನು ದೇಶವು ಪರರಿಂದ ಪಡೆದು ತುಂಬಿ ಮಾರುವುದರಲ್ಲಿಯೇ ತೃಪ್ತವಾಗದೆ ತನ್ನದಾಗಿ ಮಾಡಿಕೊಳ್ಳಬೇಕು. ವಾಹಕವು ಒಮ್ಮೆ ಕೈವಶವಾದರೆ ಇಂದು ವೈವಾಕ್ಸನ್ನೂ ನಾಳೆ ಮಂಗನ ಕಾಯಿಲೆಯನ್ನೂ ನಾಡದು ಹೆಸರಿಲ್ಲದ ಮತ್ತೊಂದು ಮಾರಿಯನ್ನೂ ಎದುರಿಸಲು ಅದೇ ಪಲ್ಲಕ್ಕಿಯು ಒದಗುತ್ತದೆ.

ಈ ಕಾರ್ಯದಲ್ಲಿ ಶಿವಮೊಗ್ಗೆಗೆ ಸ್ಥಾನವಿಲ್ಲವೆನ್ನುವಂತಿಲ್ಲ. ಮೆಗ್ಗಾನ್ ಆಸ್ಪತ್ರೆಯನ್ನು ಒಳಗೊಂಡ ವೈದ್ಯಕೀಯ ಕಾಲೇಜು ನಗರದಲ್ಲಿಯೇ ಇದೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾನಿಲಯವಿದೆ. ಕಾಡೂ ರೋಗವೂ ರೋಗಿಯೂ ವಿದ್ಯಾರ್ಥಿಯೂ ಒಂದೇ ಜಿಲ್ಲೆಯಲ್ಲಿ ಕೂಡಿಬಂದಿರುವುದು ಅಪರೂಪದ ಯೋಗ. ಲಸಿಕೆಯ ಪರೀಕ್ಷೆಯು ನಾಳೆ ನಡೆಯಬೇಕಾದರೆ ರೋಗದ ನಿಷ್ಕೃಷ್ಟವಾದ ಲೆಕ್ಕವು ಇಂದೇ ಬೇಕು; ಆ ಲೆಕ್ಕವನ್ನಿಡುವ ಕೆಲಸಕ್ಕೆ ಈ ಎರಡು ಸಂಸ್ಥೆಗಳಿಗಿಂತ ತಕ್ಕವು ಯಾವುವು?

ಅಧಿಕಾರಿಗಳ ಹೊಣೆಯು ಇನ್ನೂ ಸರಳವಾದುದು, ಇನ್ನೂ ಕಠಿನವಾದುದು. ಮಲೇರಿಯ ಇಲ್ಲವೆಂಬ ವರದಿಗೆ ರುಜು ಹಾಕುವ ಮುನ್ನ, ಹುಡುಕಿ ಇಲ್ಲವೆಂದು ಕಂಡದ್ದೋ, ಹುಡುಕದೆಯೇ ಇಲ್ಲವೆಂದದ್ದೋ ಎಂದು ವಿಚಾರಿಸಬೇಕು. ಜ್ವರ ಬಂದವನ ರಕ್ತವನ್ನು ಪರೀಕ್ಷಿಸುವುದು, ಹೊರಗಿನಿಂದ ಕಟ್ಟಡದ ಕೆಲಸಕ್ಕೆ ಬಂದ ಕೂಲಿಕಾರನನ್ನೂ ಬಿಡದಿರುವುದು, 14 ದಿನಗಳ ಗುಳಿಗೆಯು ಪೂರೈಸಿತೆಂದು ಆಶಾ ಕಾರ್ಯಕರ್ತೆಯಿಂದ ಖಚಿತ ಮಾಡಿಕೊಳ್ಳುವುದು, ಇವಕ್ಕೆ ಯಾವ ಹೊಸ ವಿದ್ಯೆಯೂ ಬೇಕಾಗಿಲ್ಲ. ಲಸಿಕೆಯು ಬರುವವರೆಗೆ ಇವೇ ಲಸಿಕೆ. ಬಂದ ಮೇಲೆಯೂ ಇವಿಲ್ಲದೆ ಲಸಿಕೆಗೆ ಬಲವಿಲ್ಲ.

ಮಹಾಜನರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಮಲೇರಿಯವು ಹೋಯಿತೆಂಬ ನೆಮ್ಮದಿಯನ್ನು ನಾವು ಅನುಭವಿಸುವುದು ಸಹಜ. ಆದರೆ ಅದನ್ನು ಓಡಿಸಿದ ಕೈಗಳಿಗೆ ಸಂಬಳವೇಕೆ, ಅದರ ಲಸಿಕೆಗೆ ಹಣವೇಕೆ ಎಂದು ಕೇಳುವ ದಿನವು ಬಾರದಿರಲಿ. ತುಂಗೆಯ ನೀರು ಬೇಸಗೆಯಲ್ಲಿ ಇಳಿದಾಗಲೇ ದಡವನ್ನು ಭದ್ರಪಡಿಸುವವನು ಜಾಣ. ಈಗ ನೀರು ಇಳಿದಿದೆ.